ನನ್ನ ಪಾಲಿಗೆ ಬಂದ ಅಧ್ಯಾಯ

ಆ ಕಾದಂಬರಿ ಬರೆದವರು ಯಾರೋ ನನಗೆ ಗೊತ್ತಿಲ್ಲ. ಎಂದಾದರೂ ಎದುರಿಗೆ ಸಿಕ್ಕರೆ ಮೊದಲು ಚೆನ್ನಾಗಿ ಬೈದು, ಆಮೇಲೆ ಕಾಲಿಗೆ ಬೀಳಬೇಕು ಅಂದುಕೊಂಡಿದ್ದೇನೆ. ಬೈಯುವುದು ಅಂಥದ್ದೊಂದು ಅಧ್ಯಾಯ ಬರೆದು ನನ್ನ ತಲೆಗೆ ಕಟ್ಟಿದ್ದಕ್ಕೆ. ಕಾಲಿಗೆ ಬೀಳುವುದೂ ಅದಕ್ಕೇ.

ನಮ್ಮೂರಿನಲ್ಲಿ ಒಬ್ಬರು ಓದಿದ್ದನ್ನು ಇನ್ನೊಬ್ಬರು ಓದಲು ಆಗುವುದಿಲ್ಲ. ಕಣ್ಣು ಒಂದು ಸಾಲನ್ನು ದಾಟಿ ಮುಂದಕ್ಕೆ ಹೋದರೆ ಹಿಂದಿನ ಸಾಲು ಅಳಿಸಿಹೋಗಿರುತ್ತದೆ. ಓದಿ ಮುಗಿಸಿದ ಹಾಳೆ ಒಗೆದು ಒಣಗಿಸಿದ ಪಂಚೆಯ ಹಾಗೆ ಬೆಳ್ಳಗಿರುತ್ತದೆ. ಮೊದಲಿನಿಂದಲೂ ಹೀಗೇ ಇರುವುದರಿಂದ ಯಾರೂ ತಲೆ ಕೆಡಿಸಿಕೊಂಡಿಲ್ಲ. ಮದುವೆಯ ಕರೆಯೋಲೆ ಬಂದರೆ ಮನೆಯ ಹಿರಿಯರು ಒಮ್ಮೆ ಗಟ್ಟಿಯಾಗಿ ಓದುತ್ತಾರೆ, ಉಳಿದವರು ಮುಹೂರ್ತ ನೆನಪಿಟ್ಟುಕೊಳ್ಳುತ್ತಾರೆ, ಮಾರನೆಯ ದಿನ ಆ ಕಾಗದದಲ್ಲಿ ಕಡಲೆಬೀಜ ಕಟ್ಟುತ್ತಾರೆ. ನಮ್ಮ ಮೇಷ್ಟರಿಗೆ ಸೀಮೆಸುಣ್ಣದ ಖರ್ಚು ಸ್ವಲ್ಪ ಹೆಚ್ಚು. ನಾನು ರವಿಕೆ ಹೊಲಿಯುವವಳು. ಅಳತೆ ಬರೆದಿಟ್ಟರೆ ಒಂದೇ ಸಲ ನೋಡಲು ಸಿಗುತ್ತದೆಂದು ದಾರದಲ್ಲಿ ಗಂಟು ಹಾಕಿ ಮೊಳೆಗೆ ನೇತುಹಾಕುತ್ತೇನೆ. ಒಬ್ಬೊಬ್ಬರದು ಒಂದೊಂದು ಬಣ್ಣದ ದಾರ.

ಕಥೆ ಕೇಳಬೇಕೆಂದವರು ಒಂದು ಚೊಂಬು ನೀರು ತೆಗೆದುಕೊಂಡು ಓದಿದವರ ಮನೆಗೆ ಹೋಗುತ್ತಾರೆ. ನೀರು ಹೇಳುವವರ ಗಂಟಲಿಗೆ. ನೀರು ತಂದವರಿಗೆ ಇಲ್ಲ ಅನ್ನುವಂತಿಲ್ಲ, ಒಲೆಯ ಮೇಲೆ ಹಾಲಿದ್ದರೂ ಇಳಿಸಿಟ್ಟು ಹೇಳಬೇಕು. ನೀರು ಬಾರದೆ ತಾವಾಗಿಯೇ ಹೋಗಿ ಹೇಳುವಂತೆಯೂ ಇಲ್ಲ. ಅದು ಕರೆಯದ ಮನೆಗೆ ಊಟಕ್ಕೆ ಹೋದಷ್ಟೇ ನಾಚಿಕೆಗೇಡು. ಇನ್ನು ಓದಿದ್ದಕ್ಕೆ ಒಂದು ಮಾತು ಸೇರಿಸಿ ಹೇಳುವುದಂತೂ ದೂರದ ಮಾತು. ನಿಜವೋ ಸುಳ್ಳೋ ತೆರೆದು ನೋಡೋಣವೆಂದರೆ ಹಾಳೆ ಬೆಳ್ಳಗಿರುತ್ತದೆ, ಹೇಳುವವರ ನಾಲಿಗೆಯನ್ನು ನಂಬದೆ ಬೇರೆ ದಾರಿಯಿಲ್ಲ. ನಮ್ಮೂರಿನಲ್ಲಿ ಕಳ್ಳನಿಗಾದರೂ ಹೆಣ್ಣು ಕೊಟ್ಟಾರು, ಸೇರಿಸಿ ಹೇಳುವವನಿಗೆ ಕೊಡುವುದಿಲ್ಲ.

ನಮ್ಮ ಗ್ರಂಥಾಲಯವನ್ನು ನೋಡಿಕೊಳ್ಳುವವರು ಶಿವಬಸಪ್ಪನವರು. ಅಲ್ಲಿರುವುದೆಲ್ಲ ಬಿಳಿ ಪುಸ್ತಕಗಳೇ. ಪ್ರತಿಯೊಂದಕ್ಕೂ ಓದಿದವರ ಮನೆಯ ಬಟ್ಟೆಯ ಒಂದು ತುಂಡನ್ನು ಕಟ್ಟಿರುತ್ತಾರೆ. ಹಸಿರು ಚೌಕುಳಿ ಕಂಡರೆ ವೀಳ್ಯದೆಲೆ ಅಂಗಡಿ ರುದ್ರಣ್ಣನ ಮನೆಗೆ ಹೋಗಬೇಕು, ಕೆಂಪು ಚುಕ್ಕಿ ಕಂಡರೆ ಇನ್ನೊಬ್ಬರ ಮನೆಗೆ. ಆ ತುಂಡುಗಳನ್ನೆಲ್ಲ ಕತ್ತರಿಸಿ ಅಂಚು ಮಡಿಸಿ ಕೊಟ್ಟವಳು ನಾನೇ ಆದ್ದರಿಂದ, ಯಾರು ಏನನ್ನು ಓದಿದ್ದಾರೆಂದು ನನಗೆ ಶಿವಬಸಪ್ಪನವರಷ್ಟೇ ಚೆನ್ನಾಗಿ ಗೊತ್ತು. ಯಾರೂ ಕೇಳಲು ಹೋಗದ ಪುಸ್ತಕಗಳೂ ಇವೆ. ಓದಿದ್ದನ್ನು ಹೇಳದೆ ಇಟ್ಟುಕೊಂಡರೆ ಅದು ಬಿಸಿಲಿಗೆ ಬಿಟ್ಟ ಬಟ್ಟೆಯ ಹಾಗೆ ಮಾಸುತ್ತಾ ಹೋಗುತ್ತದೆ. ಓದಿದವರೂ ತೀರಿಕೊಂಡರೆ ಮುಗಿಯಿತು.

ಕಳೆದ ವರ್ಷ ಶಿವಬಸಪ್ಪನವರು ದೊಡ್ಡ ಪೇಟೆಯಿಂದ ಒಂದು ಕಾದಂಬರಿ ತಂದರು. ಎರಡೂ ಕೈಯಿಂದ ಎತ್ತಬೇಕು, ಅಷ್ಟು ದಪ್ಪ. ರಕ್ಷಾಪುಟದ ಮೇಲಿದ್ದ ಹೆಸರನ್ನು ಅವರೇ ಓದಿಬಿಟ್ಟಿದ್ದರಿಂದ ಹೆಸರು ಅವರ ಹತ್ತಿರವೇ ಉಳಿಯಿತು. ಬರೀ ಹೆಸರಿಗಾಗಿ ಯಾರು ನೀರು ಹೊತ್ತುಕೊಂಡು ಹೋಗುತ್ತಾರೆ, ನಾನಂತೂ ಹೋಗಲಿಲ್ಲ. ಮಾರಿದ ಅಂಗಡಿಯವನು ಅವರಿಗೆ ಹೇಳಿದ್ದನಂತೆ: ಇದು ಒಂದರೊಳಗೊಂದು ಹೆಣೆದುಕೊಂಡ ಕಥೆಗಳ ಕಾದಂಬರಿ, ಒಂದರಲ್ಲಿ ಸುಮ್ಮನೆ ಹಾದುಹೋಗುವವನು ಇನ್ನೊಂದರಲ್ಲಿ ದೊಡ್ಡ ಮನುಷ್ಯ, ಇದರ ಪ್ರಶ್ನೆಗೆ ಉತ್ತರ ಅದರಲ್ಲಿ, ನಡುನಡುವೆ ತತ್ವಗಿತ್ವ ಬೇರೆ. ಇಂಥದ್ದನ್ನು ಒಬ್ಬರೇ ಓದಿ ಹೊರುವುದಕ್ಕಾಗುತ್ತದೆಯೇ? ಶಿವಬಸಪ್ಪನವರು ಹೊಲಿಗೆ ಬಿಚ್ಚಿ, ಕಣ್ಣು ಮುಚ್ಚಿಕೊಂಡೇ ಅಧ್ಯಾಯಗಳನ್ನು ಬೇರೆ ಮಾಡಿ, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿದರು. ಮನೆಮನೆಗೆ ಬುಟ್ಟಿ ಬಂತು. ಕೈ ಹಾಕಿದವರಿಗೆ ಸಿಕ್ಕಿದ್ದು ಸಿಕ್ಕಿತು.

ರುದ್ರಣ್ಣನಿಗೆ ಆನೆ ಸಿಕ್ಕಿತು. ನಿಜವಾಗಿ ಹೇಳುತ್ತೇನೆ, ಒಂದಿಡೀ ಅಧ್ಯಾಯ ಆನೆ. ಅದು ಸಾಹುಕಾರನೊಬ್ಬನ ಮನೆಯ ಮುಂದೆ ಬಂದು ಮಲಗಿ ಏಳಲೊಲ್ಲದ ಕಥೆ. ದೇವಸ್ಥಾನದ ಅಡುಗೆ ಮಾಡುವ ಕೋಮಲಮ್ಮನಿಗೆ ಕಳ್ಳನೊಬ್ಬನ ಮದುವೆ ಸಿಕ್ಕಿತು. ಅವರ ಮನೆಗಳ ಮುಂದೆ ಚೊಂಬುಗಳ ಸಾಲು. ರುದ್ರಣ್ಣ ಅಷ್ಟು ನೀರು ಕುಡಿದು ಕುಡಿದು ಹಿತ್ತಲಿಗೂ ಅಂಗಡಿಗೂ ಓಡಾಡುವುದೇ ಆಯಿತು.

ನನಗೆ ಸಿಕ್ಕಿದ್ದು ಇಬ್ಬರು. ಒಬ್ಬ ಮುದುಕ, ಒಬ್ಬ ಬಳೆಗಾರ. ಹೊಳೆಯ ದಡದಲ್ಲಿ ದೋಣಿಗೆ ಕಾಯುತ್ತಾ ಕೂತು ಮಾತಾಡುತ್ತಾರೆ. ಮಾತಾಡುತ್ತಾರೆ, ಮಾತಾಡುತ್ತಾರೆ, ಮಾತಾಡುತ್ತಲೇ ಇರುತ್ತಾರೆ. ನಾನು ಹಾಳೆ ತಿರುವುತ್ತಾ ಈಗ ಯಾರಾದರೂ ಬರುತ್ತಾರೆ, ಈಗ ಏನಾದರೂ ಆಗುತ್ತದೆ ಎಂದು ಕಾದೆ. ಕೊನೆಯ ಸಾಲಿನಲ್ಲಿ ಮುದುಕ "ಅಗೋ, ದೋಣಿ" ಅನ್ನುತ್ತಾನೆ. ಅಲ್ಲಿಗೆ ಅಧ್ಯಾಯ ಮುಗಿಯಿತು. ದೋಣಿ ದಡಕ್ಕೆ ಬಂದದ್ದೂ ನನ್ನ ಪಾಲಿಗಿಲ್ಲ. ಆದರೂ ಒಂದೊಂದು ಅಕ್ಷರವನ್ನೂ ನಿಧಾನವಾಗಿ, ಕಣ್ಣಿಟ್ಟು ಓದಿದೆ. ಮತ್ತೆ ಸಿಗುವುದಲ್ಲವಲ್ಲ. ಸಿಟ್ಟು ಬಂದಿತ್ತು ಎನ್ನುವುದು ಬೇರೆ ಮಾತು.

ನಮ್ಮೆಜಮಾನರು ಪಾಪ, ಮರ್ಯಾದೆಗೆಂದು ಚೊಂಬಿನಲ್ಲಿ ನೀರು ತಂದಿಟ್ಟು ನನ್ನ ಮುಂದೆ ಕೂತರು. ಮುದುಕನೂ ಬಳೆಗಾರನೂ ದಡ ಯಾವುದು, ನೋವು ಯಾರದು ಎನ್ನುವಷ್ಟರಲ್ಲಿ ಗೋಡೆಗೊರಗಿ ಗೊರಕೆ ಹೊಡೆದರು. ಆ ಸುದ್ದಿ ಹೊರಗೆ ಹೋಯಿತು. "ಮಂಗಳಕ್ಕನ ಪಾಲಿಗೆ ನಿದ್ದೆ ಬಂದಿದೆಯಂತೆ" ಎಂದು ಊರೆಲ್ಲ ನಕ್ಕಿತು. ಬೇರೆ ಯಾರೂ ನೀರು ತರಲಿಲ್ಲ. ರವಿಕೆಗೆ ಬಂದವರು ಅಳತೆ ಕೊಟ್ಟು, ಆನೆಯ ಕಥೆ ಕೇಳಲು ಹೋಗಬೇಕೆಂದು ಅವಸರದಲ್ಲಿ ಎದ್ದು ಹೋಗುತ್ತಿದ್ದರು. ಇದ್ದುದನ್ನು ಇದ್ದ ಹಾಗೆ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯುತ್ತಿತ್ತು.

ಈಗ ದೇವೀರಕ್ಕನ ಮಾತಿಗೆ ಬರಬೇಕು. ದೇವೀರಮ್ಮ ನನ್ನ ವಾರಗಿತ್ತಿ, ಅಂದರೆ ನಮ್ಮೆಜಮಾನರ ಅಣ್ಣ ಚಿಕ್ಕವೀರಪ್ಪನವರ ಹೆಂಡತಿ. ನಮ್ಮ ಮನೆಯಿಂದ ಕೂಗಿದರೆ ಅವರ ಮನೆಗೆ ಕೇಳುತ್ತದೆ. ಆದರೆ ಕೂಗಿ ವರ್ಷಗಳಾಗಿದ್ದವು. ಹಿಂದೆ ಒಂದು ಸೀಮಂತದ ಮನೆಯಲ್ಲಿ ಹೆಂಗಸರೆಲ್ಲ ನೀರಿಟ್ಟು ನನ್ನಿಂದ ಒಂದು ಕಥೆ ಹೇಳಿಸಿದ್ದರು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿರುವಾಗ ದೇವೀರಕ್ಕ, "ಮಂಗಳ ಹೊಲಿಗೆಯವಳಲ್ವಾ, ಕಥೆಗೂ ಒಂದಂಚು ಕಟ್ಟಿಕೊಡ್ತಾಳೆ" ಅಂದುಬಿಟ್ಟರು. ನಾನು ಒಂದೆಳೆ ನೂಲನ್ನೂ ಸೇರಿಸಿರಲಿಲ್ಲ. ಬೇರೆ ಊರಿನಲ್ಲಾದರೆ ಇದು ತಮಾಷೆಯಾಗುತ್ತಿತ್ತು. ನಮ್ಮೂರಿನಲ್ಲಿ ಇದನ್ನು ಅನ್ನಿಸಿಕೊಂಡವರು ತಲೆ ಎತ್ತಿ ನಡೆಯುವುದು ಕಷ್ಟ. ಅವತ್ತಿನಿಂದ ಮಾತು ನಿಂತಿತು.

ಅವರ ಮಗಳು ಸುಕನ್ಯ ಮಾತ್ರ ಈ ಜಗಳವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. "ಚಿಕ್ಕಮ್ಮ, ತೋಳು ಸ್ವಲ್ಪ ಗಿಡ್ಡ ಮಾಡು, ಅಮ್ಮಂಗೆ ಹೇಳ್ಬೇಡ" ಎಂದು ನಗುತ್ತಾ ಬರುತ್ತಿದ್ದಳು. ಒಬ್ಬಳೇ ಮಗಳು. ಬುಟ್ಟಿ ಬರುವುದಕ್ಕೆ ಮುಂಚೆಯೇ ಕಾಮಾಲೆಯಾಗಿ, ಹಳ್ಳಿ ಔಷಧ, ಆಸ್ಪತ್ರೆ ಎರಡೂ ಆಗಿ, ಕೈಗೆ ಸಿಗದೆ ಹೋದಳು. ಅವತ್ತು ನಾನು ಆ ಮನೆಗೆ ಹೋಗಿ ಪಾತ್ರೆ ತೊಳೆದೆ, ಬಂದವರಿಗೆ ಕಾಫಿ ಕೊಟ್ಟೆ, ದೇವೀರಕ್ಕನ ಪಕ್ಕದಲ್ಲಿ ಕೂತೆ. ಅವರೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಸುಕನ್ಯಳ ಅಳತೆಯ ನೀಲಿ ದಾರ ನನ್ನ ಅಂಗಡಿಯ ಮೊಳೆಯಲ್ಲಿ ಹಾಗೇ ಇದೆ, ತೆಗೆಯಲು ಕೈ ಹೋಗಿಲ್ಲ.

ಬುಟ್ಟಿ ಬಂದಾಗ ದೇವೀರಕ್ಕನ ಮನೆಗೆ ಒಯ್ಯುವುದು ಬೇಡವೆಂದು ಕೆಲವರು ಶಿವಬಸಪ್ಪನವರಿಗೆ ಹೇಳಿದ್ದರಂತೆ. ಮನಸ್ಸಿಗೊಂದು ಕೆಲಸವಾಗಲಿ ಎಂದು ಅವರು ಒಯ್ದರು. ಅಕ್ಕ ಕೈ ಹಾಕಿ ಒಂದು ಗಂಟು ತೆಗೆದುಕೊಂಡರು. ಅದರಲ್ಲಿ ಏನಿತ್ತೆಂದು ನನಗೆ ತಿಳಿದದ್ದು ಭಾವನವರ ಬಾಯಿಂದ.

ಭಾವ ಒಂದು ದಿನ ಅಂಗಿಯ ಗುಂಡಿ ಬಿದ್ದಿದೆ ಎಂಬ ನೆಪ ಮಾಡಿಕೊಂಡು ಅಂಗಡಿಗೆ ಬಂದರು. ಗುಂಡಿ ಹಾಕಿ ಕೊಟ್ಟ ಮೇಲೂ ಎದ್ದು ಹೋಗಲಿಲ್ಲ.

"ಓದಿದವಳು ಅವಳು, ನಾನು ಹೇಳಬಾರದು. ಆದ್ರೂ ಹೇಳ್ತೀನಿ ಮಂಗಳ, ನಂಗೆ ಬೇರೆ ಯಾರಿದಾರೆ," ಅಂದರು. "ಅವಳ ಪಾಲಲ್ಲಿ ಹೊನ್ನಮ್ಮ ಅಂತ ಒಬ್ಬಳು ತಾಯಿ. ಮಗಳನ್ನ ಹೊಳೆ ಎಳ್ಕೊಂಡು ಹೋಗುತ್ತೆ. ಒಂದಿನ ಸಂಜೆ ಆ ಹೊನ್ನಮ್ಮ ಸೆರಗಲ್ಲಿ ಕಲ್ಲು ಕಟ್ಕೊಂಡು ತಾನೂ ಹೊಳೆಗೆ ಹೋಗ್ತಾಳೆ. ದಡದಲ್ಲಿ ಯಾರೋ ಇಬ್ಬರು ದೋಣಿಗೆ ಕಾಯ್ತಾ ಮಾತಾಡ್ತಿರ್ತಾರೆ. ಅವರು ಹೋಗ್ಲಿ ಅಂತ ಮರದ ಹಿಂದೆ ನಿಂತ್ಕೋತಾಳೆ. ಅವರ ಮಾತು ಕಿವಿಗೆ ಬೀಳುತ್ತೆ. ಅಷ್ಟೆ, ಕಲ್ಲು ಬಿಚ್ಚಿ ಅಲ್ಲೇ ಇಟ್ಟು ಮನೆಗೆ ವಾಪಸ್ ಬಂದುಬಿಡ್ತಾಳೆ. ಮುಗೀತು."

"ಏನ್ ಮಾತಾಡಿದ್ರು ಅಂತ ಇಲ್ವಾ?"

"ಇಲ್ಲ. ಅದೇ ಅವಳನ್ನ ತಿಂತಿರೋದು. ಈಗ ದಿನಾ ಸಂಜೆ ಕೆರೆ ಮೆಟ್ಟಿಲ ಮೇಲೆ ಹೋಗಿ ಕೂತ್ಕೋತಾಳೆ. ನಾನು ಹಿಂದೇನೇ ಹೋಗಿ ದೂರದಲ್ಲಿ ನಿಂತಿರ್ತೀನಿ. ಹೊನ್ನಮ್ಮ ಏನು ಕೇಳಿಸ್ಕೊಂಡಳು ಅಂತ ಗೊತ್ತಾಗೋ ತನಕ ಕಾಯ್ತೀನಿ ಅಂತಾಳೆ. ಗೊತ್ತಾಗದೇ ಹೋದ್ರೆ ಅಂತ ಕೇಳಿದ್ರೆ ಸುಮ್ಮನೆ ನೀರು ನೋಡ್ತಾಳೆ." ಭಾವ ಹೊಸ ಗುಂಡಿಯನ್ನು ಹಾಕಿ ಬಿಚ್ಚಿ ಮಾಡುತ್ತಿದ್ದರು. "ನಂಗೆ ಹೆದ್ರಿಕೆ ಆಗುತ್ತೆ ಮಂಗಳ. ಒಂದಿನ ನಾನು ಹಿಂದೆ ಹೋಗೋದು ತಡವಾದ್ರೆ?"

ನನ್ನ ಕಾಲು ಹೊಲಿಗೆ ಮಿಷನ್ನಿನ ಮೇಲೆ ಹಾಗೇ ನಿಂತುಬಿಟ್ಟಿತ್ತು. "ಭಾವ," ಅಂದೆ, "ಆ ಇಬ್ಬರು ನನ್ನ ಹತ್ರ ಇದಾರೆ."

ಅವರು ಹೋದ ಮೇಲೆ ಬಾಗಿಲು ಅರ್ಧ ಮುಚ್ಚಿ ಕೂತು, ನನ್ನ ಪಾಲಿನ ಮಾತುಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡೆ. ಅಲ್ಲಲ್ಲಿ ಮಾಸಲು ಶುರುವಾಗಿತ್ತು. ಮೊದಲು ಬಂದದ್ದು ದಡದ ಮಾತೋ ಹಲ್ಲುನೋವಿನ ಮಾತೋ ಎಂದು ತಡವರಿಸಿದೆ. ಅಂದಿನಿಂದ ಬಟ್ಟೆ ಹೊಲಿಯುತ್ತಾ ಇಡೀ ಅಧ್ಯಾಯವನ್ನು ಮಿಷನ್ನಿಗೆ ಗಟ್ಟಿಯಾಗಿ ಹೇಳತೊಡಗಿದೆ, ಅದಾದರೂ ಕೇಳಿಸಿಕೊಳ್ಳಲಿ ಎಂದು. ದಾರಿಯಲ್ಲಿ ಹೋಗುವವರು ಇಣುಕಿ ನೋಡಿ ನಕ್ಕರು. ಮಾತುಗಳು ಒಂದೊಂದಾಗಿ ಮರಳಿ ಬಂದು ತಮ್ಮ ಜಾಗದಲ್ಲಿ ಕೂತವು. ಆದರೆ ನನಗೆ ಸಂಕಟವಾದದ್ದು ಬೇರೆ ಕಾರಣಕ್ಕೆ. ಎಷ್ಟು ಸಲ ಹೇಳಿದರೂ ಆ ಇಬ್ಬರ ಮಾತಿನಲ್ಲಿ ಮಗಳು ಅನ್ನುವ ಶಬ್ದವೇ ಇರಲಿಲ್ಲ. ಸಾವಿನ ಮಾತಿರಲಿಲ್ಲ, ಸಮಾಧಾನದ ಮಾತಿರಲಿಲ್ಲ. ಮರದ ಹಿಂದೆ ಯಾರೋ ನಿಂತಿದ್ದಾರೆಂದು ಅವರಿಗೆ ಗೊತ್ತೇ ಇಲ್ಲ. ಹೊನ್ನಮ್ಮನನ್ನು ತಿರುಗಿಸಿ ಕಳುಹಿಸಿದ ಮಾತು ಯಾವುದು?

ನೀರು ಬಾರದೆ ಹೇಳುವಂತಿಲ್ಲ, ನೀರು ತರಲು ನನ್ನ ಅಧ್ಯಾಯ ಯಾವುದೆಂದು ಅಕ್ಕನಿಗೆ ಗೊತ್ತಿಲ್ಲ. ಕೊನೆಗೆ ಮನೆಯ ಹಿತ್ತಾಳೆ ಚೊಂಬನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ಖಾಲಿ ಚೊಂಬನ್ನೇ ಹಿಡಿದುಕೊಂಡು ಅವರ ಮನೆಗೆ ಹೋದೆ. ಭಾವ ಹೇಳಬೇಕೆಂದಿದ್ದರೂ, ಅಕ್ಕನ ಪಾಲನ್ನು ತಾವು ಹೊರಗೆ ಹೇಳಿದ್ದು ಗೊತ್ತಾದೀತೆಂದು ಧೈರ್ಯ ಸಾಲದೆ ಸುಮ್ಮನಿದ್ದರಂತೆ. ದೇವೀರಕ್ಕ ಬಾಗಿಲಲ್ಲಿ ನಿಂತು ನನ್ನನ್ನೂ ಚೊಂಬನ್ನೂ ನೋಡಿದರು. ಬಹಳ ಇಳಿದುಹೋಗಿದ್ದರು. ನಾನೇ ಹೊಲಿದುಕೊಟ್ಟಿದ್ದ ಹಳೆಯ ರವಿಕೆ ಭುಜದಿಂದ ಜಾರುತ್ತಿತ್ತು.

"ಅಕ್ಕ, ದೋಣಿಗೆ ಕಾಯ್ತಿದ್ದ ಇಬ್ಬರು ನನ್ನ ಪಾಲಿಗೆ ಬಂದಿದಾರೆ."

ಅವರು ಚೌಕಟ್ಟು ಹಿಡಿದುಕೊಂಡರು. "ಏನ್ ಮಾತಾಡಿದ್ರು?"

"ಹಾಗೆ ನಿಂತ್ಕೊಂಡು ಹೇಳಕ್ಕಾಗಲ್ಲ. ಚೊಂಬು ನಂದು, ನೀರು ನೀವು ತುಂಬಿಸ್ಕೊಂಡು ಬನ್ನಿ."

"ನೀನು ಸೇರಿಸಿ ಹೇಳ್ತೀಯ."

"ಹೇಳಲ್ಲ ಅಕ್ಕ."

"ಹೇಳಿದ್ರೂ ನಂಗೆ ಹೆಂಗೆ ಗೊತ್ತಾಗ್ಬೇಕು? ಅಯ್ಯೋ ಪಾಪ ಅಂತ ನಂಗೋಸ್ಕರ ಏನಾದ್ರೂ ಒಳ್ಳೇ ಮಾತು ಕಟ್ಟಿ ಹೇಳಿದ್ರೆ? ನಂಗೆ ನಿನ್ನ ಮಾತು ಬೇಡ. ಹೊನ್ನಮ್ಮ ಕೇಳಿದ್ದು ಬೇಕು."

ಚೊಂಬನ್ನು ಹೊಸ್ತಿಲ ಪಕ್ಕದಲ್ಲಿಟ್ಟು ಬಂದೆ. ಮಾರನೆಯ ದಿನ ಅವರು ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಸಂಜೆಯಾದರೆ ಅಕ್ಕ ಕೆರೆಯ ಕಡೆಗೆ, ಹಿಂದೆ ಭಾವ, ಅವರ ಹಿಂದೆ ಕಂಡೂ ಕಾಣದ ಹಾಗೆ ಕತ್ತರಿ ಕೈಯಲ್ಲೇ ಹಿಡಿದುಕೊಂಡ ನಾನು. ನೋಡಿದವರಿಗೆ ಇದೆಂಥ ಮೆರವಣಿಗೆ ಅನ್ನಿಸಿರಬೇಕು.

ಒಂದು ಮಧ್ಯಾಹ್ನ ಅಂಗಡಿಯ ಮೆಟ್ಟಿಲ ಮೇಲೆ ನೀರು ತುಳುಕಿದ ಸದ್ದಾಯಿತು. ದೇವೀರಕ್ಕ ಚೊಂಬು ಹಿಡಿದು ನಿಂತಿದ್ದರು. ಒಳಗೆ ಬಂದು, ಚೊಂಬನ್ನು ನನ್ನ ಮುಂದಿಟ್ಟು, ಬಟ್ಟೆಯ ರಾಶಿಯ ಪಕ್ಕ ಚಾಪೆಯ ಮೇಲೆ ಕೂತರು. ನಾನು ಒಂದು ಗುಟುಕು ಕುಡಿದು ಶುರು ಮಾಡಿದೆ.

ಹೊಳೆ, ಸಂಜೆ, ದೋಣಿ ಆಚೆ ದಡದಲ್ಲಿದೆ. ಬಳೆಗಾರ ಹೆಗಲಿನಿಂದ ಬಳೆಗಳ ಮಲಾರ ಇಳಿಸಿ ಕೂರುತ್ತಾನೆ. ಮುದುಕ ಮೊದಲೇ ಕೂತಿದ್ದಾನೆ. "ಈ ದಡ, ಆ ದಡ ಅಂತೀವಲ್ಲ," ಅನ್ನುತ್ತಾನೆ ಮುದುಕ, "ದೋಣಿ ನಡೆಸೋನಿಗೆ ಯಾವುದು ಈ ದಡ?" ಬಳೆಗಾರ ಅವನಿಗೆ ಎರಡೂ ಆ ದಡವೇ ಅನ್ನುತ್ತಾನೆ. ಹಾಗಾದರೆ ಅವನ ಮನೆ ಎಲ್ಲಿ ಎಂದು ಮುದುಕ ಕೇಳುತ್ತಾನೆ. ಇದರ ಮೇಲೆ ಬಹಳ ಹೊತ್ತು ವಾದವಾಗುತ್ತದೆ. ಒಂದೂ ಬಿಡದೆ ಹೇಳಿದೆ. ಅಕ್ಕ ಕಣ್ಣು ಮಿಟುಕಿಸದೆ ಕೇಳಿದರು. ಇದಲ್ಲ ಎಂದು ಅವರ ಮುಖ ಹೇಳುತ್ತಿತ್ತು.

ಆಮೇಲೆ ಹಲ್ಲುನೋವಿನ ಮಾತು. ಬಳೆಗಾರನಿಗೆ ಹಲ್ಲು ನೋಯುತ್ತಿದೆ. "ಈ ನೋವು ನನ್ನದು ಅಂತೀನಿ. ನಾಳೆ ಹಲ್ಲು ಕಿತ್ತು ಬಿಸಾಕ್ತೀನಿ. ನೋವು ನನ್ನದಾಗಿದ್ರೆ ನನ್ನ ಹತ್ರ ಉಳಿಬೇಕಿತ್ತು, ಹಲ್ಲಿಂದಾಗಿದ್ರೆ ಈಗ ನನಗ್ಯಾಕೆ ನೋಯ್ತದೆ?" ಮುದುಕ ಯೋಚಿಸಿ, ನೋವಿಗೆ ಯಜಮಾನರಿಲ್ಲ, ಬಾಡಿಗೆದಾರರು ಮಾತ್ರ ಅನ್ನುತ್ತಾನೆ. ಇದೇ ಇರಬೇಕು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದ ಮಾತು ಇದು. ಇಡೀ ಅಧ್ಯಾಯದಲ್ಲಿ ತೂಕವಾಗಿ ಕಂಡದ್ದೂ ಇದೇ. ಅಕ್ಕನ ಮುಖ ನೋಡಿದೆ. ಏನೂ ಇಲ್ಲ. ಅವರ ಕೈ ಸೆರಗಿನ ಅಂಚನ್ನು ಸುತ್ತಿ ಸುತ್ತಿ ಬಿಚ್ಚುತ್ತಿತ್ತು, ಅಷ್ಟೆ.

ಇನ್ನು ಉಳಿದದ್ದು ಸ್ವಲ್ಪವೇ. ಇಬ್ಬರೂ ಬುತ್ತಿ ಬಿಚ್ಚುತ್ತಾರೆ, ಚಟ್ನಿಗೆ ಉಪ್ಪು ಕಡಿಮೆಯೆಂದು ಬಳೆಗಾರ ಗೊಣಗುತ್ತಾನೆ, ದೋಣಿ ಕಾಣಿಸುತ್ತದೆ. ಮುಂದೆ ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ಈ ಹೆಂಗಸು ಇಲ್ಲಿಂದ ಎದ್ದು ಸೀದಾ ಎಲ್ಲಿಗೆ ಹೋಗುತ್ತಾಳೆ? ಆಗ ನಾಲಿಗೆಯ ತುದಿಗೆ ಒಂದು ಮಾತು ತಾನಾಗಿ ಬಂದು ಕೂತಿತು. ಮುದುಕನ ಬಾಯಿಗೆ ಅದನ್ನು ಇಟ್ಟರೆ ಯಾರಿಗೆ ಗೊತ್ತಾಗುತ್ತದೆ? ಹೋದ ಮಕ್ಕಳು ತಾಯಂದಿರ ಉಸಿರಲ್ಲೇ ಇರ್ತಾರೆ, ತಾಯಿ ಹೋದ್ರೆ ಅವರೂ ಹೋಗ್ತಾರೆ. ಎಷ್ಟು ಚೆನ್ನಾಗಿತ್ತು! ಹಾಳೆ ಬೆಳ್ಳಗಿದೆ, ಸಾಕ್ಷಿ ಯಾರೂ ಇಲ್ಲ, ಒಂದು ಜೀವ ಉಳಿಯುತ್ತದೆ. ಬಾಯಿ ತೆರೆದೆ. ಅಕ್ಕ ನನ್ನನ್ನೇ ನೋಡುತ್ತಿದ್ದರು. ಚೊಂಬೆತ್ತಿ ನೀರು ಕುಡಿದು, ಆ ಮಾತನ್ನು ನೀರಿನ ಜೊತೆಗೇ ನುಂಗಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮುದುಕ ಬುತ್ತಿಯ ಗಂಟು ಬಿಚ್ಚುತ್ತಾನೆ. ರೊಟ್ಟಿಯ ದೊಡ್ಡ ಅಡಕಲು. ಬಳೆಗಾರ, "ಮನೇಲಿ ಒಬ್ಬರೇ ಅಂದ್ರಲ್ಲ, ಇಷ್ಟೊಂದು ಯಾಕೆ?" ಅನ್ನುತ್ತಾನೆ. "ಒಬ್ಬನೇ," ಅನ್ನುತ್ತಾನೆ ಮುದುಕ. "ಆದ್ರೆ ಹಿಟ್ಟು ಕಲಸೋಕೆ ಕೂತ್ರೆ ಕೈ ಮೂವರಿಗೆ ಆಗೋಷ್ಟು ತಗೊಂಡುಬಿಡುತ್ತೆ. ಕಡಿಮೆ ತಗೋ ಅಂತ ಕೈಗೆ ಹೇಳಕ್ಕಾಗಲ್ಲ." "ಮಿಕ್ಕಿದ್ದು ಏನ್ಮಾಡ್ತೀರಿ?" "ಮಿಕ್ಕಲ್ಲ. ಯಾರಾದ್ರೂ ಸಿಗ್ತಾರೆ. ಇವತ್ತು ನೀವು ಸಿಕ್ಕಿದ್ರಿ, ತಗೊಳ್ಳಿ." ಬಳೆಗಾರ ತಗೊಂಡು, ಚಟ್ನಿಗೆ...

"ನಿಲ್ಸು," ಅಂದರು ಅಕ್ಕ.

ನಿಲ್ಲಿಸಿದೆ.

"ಇನ್ನೊಂದ್ಸಲ ಹೇಳು."

ಇನ್ನೊಂದು ಸಲ ಹೇಳಿದೆ, ಒಂದು ಅಕ್ಷರ ಆಚೀಚೆ ಆಗದ ಹಾಗೆ.

"ಮೂವರು ಅಂದ್ನಲ್ಲ, ಉಳಿದಿಬ್ಬರು ಯಾರು?"

"ನನ್ನ ಪಾಲಲ್ಲಿ ಇಲ್ಲ ಅಕ್ಕ."

"ಏನಾದ್ರು ಅವರು?"

"ಅದೂ ಇಲ್ಲ. ಇನ್ಯಾರ ಪಾಲಲ್ಲೋ ಇರ್ಬೇಕು. ರುದ್ರಣ್ಣನ ಆನೆ ಕಥೇಲಿ ಒಬ್ಬ ಮುದುಕ ಬರ್ತಾನಂತೆ, ಇವನೇನೋ ಗೊತ್ತಿಲ್ಲ."

ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ವರ್ಷಗಳ ಸಿಟ್ಟು ಎಲ್ಲಿ ಕರಗಿತೋ ನನಗೆ ತಿಳಿಯಲಿಲ್ಲ. "ನೀನು ಸೇರಿಸೋಳಾಗಿದ್ರೆ ಇಲ್ಲಿ ಸೇರಿಸ್ತಿದ್ದೆ," ಅಂದರು.

"ನಾನೂ ಮೂವರಿಗೆ ಅಕ್ಕಿ ಹಾಕ್ತೀನಿ ಕಣೆ ಮಂಗಳ. ದಿನಾ. ಪಾತ್ರೆಗೆ ಹಾಕಿದ ಮೇಲೆ ನೆನಪಾಗುತ್ತೆ. ಅವಳ ಪಾಲನ್ನ ಮತ್ತೆ ಹಿಡೀಲಿ ತೆಗೆದು ಡಬ್ಬಕ್ಕೆ ಹಾಕ್ತೀನಿ. ದಿನಾ ನನ್ನ ಕೈಯಾರೆ ಅವಳನ್ನ ಎತ್ತಿ ಆಚೆಗೆ ಇಟ್ಟ ಹಾಗಾಗುತ್ತೆ. ಇದಕ್ಕಿಂತ ಹೋಗೋದೇ ವಾಸಿ ಅನ್ಸುತ್ತೆ. ನಾಲ್ಕು ಜನಕ್ಕೆ ಹೇಳೋ ಅಂಥ ದುಃಖನಾ ಇದು? ಹುಚ್ಚಿ ಅಂತಾರೆ. ಅವಳಪ್ಪನಿಗೂ ಹೇಳಿಲ್ಲ." ಹೇಳುತ್ತಾ ಹೇಳುತ್ತಾ ಅಳು ಬಂತು. ಮಗಳು ಹೋದ ದಿನವೂ ಅವರು ಹೀಗೆ ಅತ್ತಿರಲಿಲ್ಲ. ನನ್ನ ಭುಜಕ್ಕೆ ಹಣೆ ಒತ್ತಿ, ಮೈಯೆಲ್ಲ ಅಲುಗುವ ಹಾಗೆ ಅತ್ತರು. ನಾನೂ ಅತ್ತೆ. ಪಕ್ಕದಲ್ಲಿದ್ದ ಯಾರದೋ ಮದುವೆಯ ರವಿಕೆಯಲ್ಲೇ ಇಬ್ಬರೂ ಕಣ್ಣೊರೆಸಿಕೊಂಡೆವು.

ಹೊನ್ನಮ್ಮ ಕೇಳಿದ್ದು ಇದೇ ಮಾತೋ ಅಲ್ಲವೋ ಯಾರಿಗೆ ಗೊತ್ತು. ದಡದ ಮಾತೂ ಇರಬಹುದು, ಹಲ್ಲುನೋವಿನದೂ ಇರಬಹುದು. ಬರೆದವರು ಹೇಳಿಲ್ಲ, ನಾನೂ ಹೇಳುವುದಿಲ್ಲ. ಓದುವಾಗ ಬುತ್ತಿಯ ಈ ಮಾತನ್ನು ನಾನು ಬರೀ ಹೊತ್ತು ಹೋಗದ್ದಕ್ಕೆ ಆಡಿದ ಮಾತೆಂದು ಎಣಿಸಿದ್ದೆ. ನನಗೆ ಆನೆ ಕೊಡದೆ ಈ ಇಬ್ಬರನ್ನು ಕೊಟ್ಟ ಬುಟ್ಟಿಗೆ, ಕಣ್ಣು ಮುಚ್ಚಿ ಕಟ್ಟಿದ ಶಿವಬಸಪ್ಪನವರ ಕೈಗೆ, ಎಲ್ಲೋ ಕೂತು ಯಾವ ಅವಸರವೂ ಇಲ್ಲದೆ ಒಬ್ಬ ಮುದುಕನ ಬುತ್ತಿ ಬಿಚ್ಚಿಸಿದ ಆ ಪುಣ್ಯಾತ್ಮರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ನನಗೆ ಬಂದ ಮಾತನ್ನು ನುಂಗಿಸಿದ ನೀರಿಗೂ ಮುಗಿದೆ. ನಾನು ಕಟ್ಟಿದ ಮಾತು ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಅಕ್ಕಿಯ ಪಾತ್ರೆ ಗೊತ್ತಿರಲಿಲ್ಲ.

ಅಕ್ಕ ಮುಖ ತೊಳೆದುಕೊಂಡು ಬಂದರು. "ರುದ್ರಣ್ಣ ಬೆಳಗ್ಗೆ ಎಷ್ಟೊತ್ತಿಗೆ ಅಂಗಡಿ ತೆಗೀತಾನೆ?" ಎಂದು ಕೇಳಿದರು.

"ಎದ್ದ ತಕ್ಷಣ ತೆಗೀತಾನೆ. ಆದ್ರೆ ನೀರು ಸ್ವಲ್ಪ ಕಡಿಮೆ ತಗೊಂಡು ಹೋಗಿ, ಪಾಪ ಅವನಿಗೆ ತಡ್ಕೊಳಕ್ಕೆ ಆಗ್ತಿಲ್ಲ," ಅಂದೆ. ಅವರ ಮುಖದಲ್ಲಿ ಸಣ್ಣದೊಂದು ನಗು ಹಾದುಹೋಯಿತು. ಚೊಂಬು ಎತ್ತಿಕೊಂಡು ಮೆಟ್ಟಿಲ ತನಕ ಹೋದವರು ತಿರುಗಿ ನಿಂತರು.

"ಮಂಗಳ, ಇವತ್ತು ಯಾಕೋ ತೆಗೆಯೋಕೆ ಆಗ್ಲಿಲ್ಲ ಕಣೆ. ಮೂವರದ್ದೂ ಹಾಗೇ ಬೇಯಿಸಿಬಿಟ್ಟೆ. ಅವರೂ ಉಂಡಿಲ್ಲ, ನಾನೂ ಉಂಡಿಲ್ಲ." ಸೆರಗನ್ನು ಸರಿಮಾಡಿಕೊಂಡು, ನನ್ನ ಮುಖ ನೋಡದೆ ಕೇಳಿದರು, "ನಿಂದು ಊಟ ಆಯ್ತಾ?"

ಅವರು ಬರುವುದಕ್ಕೆ ಸ್ವಲ್ಪ ಮುಂಚೆ ನಾನು ಮುದ್ದೆ ಬಸ್ಸಾರು ಉಂಡು, ಮೇಲೆ ಮಜ್ಜಿಗೆ ಅನ್ನವನ್ನೂ ಮುಗಿಸಿ ಬಂದು ಕೂತಿದ್ದೆ.

"ಇಲ್ಲ ಅಕ್ಕ," ಅಂದೆ, "ಇನ್ನೂ ಆಗಿಲ್ಲ."

ಅಂಗಡಿ ಮುಚ್ಚಿ ಅವರ ಹಿಂದೆ ಹೋದೆ. ಅಕ್ಕ ಮೂರು ತಟ್ಟೆ ಹಾಕಿದರು. ಭಾವ ಬಾಗಿಲಲ್ಲಿ ನಿಂತು ತಟ್ಟೆಗಳನ್ನು ನೋಡಿದರು, ನನ್ನನ್ನು ನೋಡಿದರು, ಕೈ ತೊಳೆದುಕೊಂಡು ಬಂದು ಕೂತರು. ಅಕ್ಕ ಬಡಿಸಿದರು. ಹೊಟ್ಟೆ ಬಿರಿಯುತ್ತಿದ್ದರೂ ನಾನು ತಟ್ಟೆಯಲ್ಲಿದ್ದುದನ್ನೆಲ್ಲ ಉಂಡು, ಇನ್ನೊಂದು ಸಲ ಅನ್ನ ಹಾಕಿಸಿಕೊಂಡೆ.